ಬೀಗಿತಿಯ ಎದುರು ಬೇಯಿಸಿದ ಬಟಾಣಿ

ಸ್ಟೇಸಿ ಮದುವೆಯಾಗಲು ಹೊರಟ ಹುಡುಗ ಕ್ಯಾಲಮ್ ಇಂಗ್ಲೆಂಡಿನವನು. ಅವನ ತಾಯಿ ಡೊರೀನ್ ಬೀಗರನ್ನು ನೋಡಲು ದುಬೈಗೆ ಬಂದಾಗ, ಎಲ್ಲಿ ಊಟ ಹಾಕಿಸುವುದೆಂದು ಅಲ್ ಬರ್ಷಾ ಬಡಾವಣೆಯ ಹುಡುಗಿಯ ಫ್ಲ್ಯಾಟಿನಲ್ಲಿ ಜಗಳವೇ ಆಯಿತು. ಸ್ಟೇಸಿಯ ತಾಯಿ ಪ್ಯಾಟ್ರಿಶಿಯಾ ಪಾಯ್ಸ್‌ಗೆ ಮನೆಯಲ್ಲೇ ಕೊಂಕಣಿ ಅಡುಗೆ ಮಾಡುವ ಆಸೆ.

"ಮಮ್ಮಿ, ಪ್ಲೀಸ್! ಶಿ ಕಾಂಟ್ ಟೇಕ್ ಸ್ಪೈಸ್," ಎಂದಳು ಮಗಳು.

ಹಾಗಾಗಿ ಭಾನುವಾರ ಮಧ್ಯಾಹ್ನ ಐವರೂ ಮರಳುಗಾಡಿನ ನಡುವೆ ಇಂಗ್ಲಿಷ್ ಜಮೀನ್ದಾರನ ಬಂಗಲೆಯಂತೆ ಕಟ್ಟಿದ ಹೋಟೆಲಿಗೆ ಹೋದರು. ಹೊರಗೆ ಜುಲೈ ಬಿಸಿಲು, ಒಳಗೆ ಅಗ್ಗಿಷ್ಟಿಕೆಯಲ್ಲಿ ಬೆಂಕಿ. ಪಕ್ಕದಲ್ಲಿ ಕೂತವರು ಬೆಂದುಹೋಗಬಾರದೆಂದು ಏಸಿಯನ್ನು ಎಷ್ಟು ಜೋರಾಗಿ ಬಿಟ್ಟಿದ್ದರೆಂದರೆ, ಪ್ಯಾಟ್ರಿಶಿಯಾ ಸೀರೆಯ ಸೆರಗನ್ನು ಕಿವಿಗೆ ಸುತ್ತಿಕೊಂಡಳು. ಗೋಡೆಯ ತುಂಬ ಯಾರದೋ ಮುತ್ತಜ್ಜಂದಿರ ಚಿತ್ರಗಳು.

"ಇವರೆಲ್ಲ ಜೆಬೆಲ್ ಅಲಿ ಬಂದರಿಗೆ ಕಂಟೇನರಿನಲ್ಲಿ ಬಂದವರು," ಎಂದು ಅವಳ ಗಂಡ ಆಸ್ವಾಲ್ಡ್ ಪಿಸುಗುಟ್ಟಿದ. ಅವನು ಅಲ್ಲಿಯೇ ಗೋದಾಮಿನ ಮ್ಯಾನೇಜರ್.

ಊಟ ಬಂತು. ಬೀಫ್ ರೋಸ್ಟ್, ಬೇಯಿಸಿದ ಕ್ಯಾರೆಟ್, ಜಜ್ಜಿದ ಬಟಾಣಿ, ಟೋಪಿಯ ಹಾಗೆ ಉಬ್ಬಿದ, ಸಿಹಿಯಿಲ್ಲದ ಯಾರ್ಕ್‌ಷೈರ್ ಪುಡ್ಡಿಂಗ್. ಎಲ್ಲರೂ "ಲವ್ಲಿ, ಲವ್ಲಿ" ಎಂದರು. ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದ ಪ್ಯಾಟ್ರಿಶಿಯಾ ಒಂದು ತುತ್ತು ತಿಂದು, ಹೊಗಳುವವಳಂತೆ ಮುಗುಳ್ನಗುತ್ತಲೇ ಗಂಡನಿಗೆ ಕೊಂಕಣಿಯಲ್ಲಿ ಹೇಳಿದಳು:

"ಇದು ನಮ್ಮಲ್ಲಿ ಮೂಲವ್ಯಾಧಿ ಆಪರೇಷನ್ ಆದವರಿಗೆ ಕೊಡುವ ಊಟ ಅಲ್ವಾ ಮಾರಾಯ್ರೆ? ಈ ಬಟಾಣಿ ನೋಡಿ, ಯಾರೋ ಒಮ್ಮೆ ತಿಂದಾದ ಮೇಲಿನದ್ದು ಕಾಣ್ತದೆ."

ಕುಡಿಯುತ್ತಿದ್ದ ನೀರು ಕ್ಯಾಲಮ್‌ನ ಮೂಗಿನಿಂದ ಚಿಮ್ಮಿತು. ಮದುವೆಯ ದಿನ ಎಲ್ಲರನ್ನೂ ಬೆರಗುಗೊಳಿಸಲು ಅವನು ಗುಟ್ಟಾಗಿ ಕೊಂಕಣಿ ಕಲಿಯುತ್ತಿದ್ದ. ಸ್ಟೇಸಿ ಮುಖ ಮುಚ್ಚಿಕೊಂಡಳು.

"ಏನು ತಮಾಷೆ?" ಎಂದರು ಡೊರೀನ್. ತಾಯಿಯ ಆ ಕಣ್ಣಿನ ಮುಂದೆ ಕ್ಯಾಲಮ್ ಎಂದೂ ಸುಳ್ಳು ಹೇಳಿದವನಲ್ಲ. ಮೂಲವ್ಯಾಧಿಯನ್ನೂ ಬಿಡದೆ ಇಂಗ್ಲಿಷಿಗೆ ತಂದ.

ಡೊರೀನ್ ಫೋರ್ಕ್ ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ನಾನು ಬದುಕಿಡೀ ಆಸ್ಪತ್ರೆಯ ಅಡುಗೆಮನೆಯಲ್ಲಿ ಇದೇ ಬಟಾಣಿ ಬೇಯಿಸಿದವಳು."

ಆಸ್ವಾಲ್ಡ್ ಅಗಿಯುವುದನ್ನೇ ಮರೆತ. ಪ್ಯಾಟ್ರಿಶಿಯಾಳಿಗೆ ಮಾತ್ರ ಆಡಿದ ಮಾತನ್ನು ತಿರುಚಲು ಮನಸ್ಸಾಗಲಿಲ್ಲ.

"ನಾನು ಹೇಳಿದ್ದು ಊಟಕ್ಕೆ. ನಿಮಗಲ್ಲ," ಎಂದಳು ಇಂಗ್ಲಿಷಿನಲ್ಲಿ.

"ನನ್ನ ಬಗ್ಗೆ ಏನು ಹೇಳಿದಿರಿ?"

"ಇನ್ನೂ ಏನೂ ಹೇಳಿಲ್ಲ. ಸಿಹಿ ಬರಲಿ."

ಡೊರೀನ್ ಎಂಥ ನಗು ನಕ್ಕರೆಂದರೆ, ಪಕ್ಕದ ಟೇಬಲಿನವರು ಕತ್ತು ಉದ್ದ ಮಾಡಿದರು. ಕಣ್ಣೊರೆಸಿಕೊಂಡು, "ನಿಮ್ಮನ್ನು ನೋಡುವ ಭಯಕ್ಕೆ ವಿಮಾನದಲ್ಲಿ ಎರಡು ಸಲ ವಾಂತಿ ಮಾಡಿದೆ," ಎಂದರು. "ಮತ್ತೆ, ನನ್ನ ಬಟಾಣಿ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಇದನ್ನು ರೋಗಿಗೆ ಕೊಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು."

"ನಮ್ಮ ರೋಗಿಗಳು ತಟ್ಟೆ ಬಿಸಾಡ್ತಾರೆ," ಎಂದಳು ಪ್ಯಾಟ್ರಿಶಿಯಾ.

"ನಮ್ಮವರು ಅತ್ತುಬಿಡುತ್ತಿದ್ದರು."

ಅಲ್ಲಿಂದ ಮುಂದೆ ಉಳಿದ ಮೂವರಿಗೆ ಮಾತಿಗೆ ಜಾಗವೇ ಸಿಗಲಿಲ್ಲ. ಕರುಳು, ಎನಿಮಾ, ರಾತ್ರಿಪಾಳಿಯ ಡಾಕ್ಟರುಗಳ ದುರಹಂಕಾರ, ಎಲ್ಲವೂ ಟೇಬಲಿನ ಮೇಲೆ ಬಂತು. ಆಸ್ವಾಲ್ಡ್ ಮಾತ್ರ ಯಾರೂ ಮುಟ್ಟದ ಪುಡ್ಡಿಂಗುಗಳನ್ನು ಒಂದೊಂದಾಗಿ ತನ್ನ ತಟ್ಟೆಗೆ ಎಳೆದುಕೊಂಡ. ಅವನಿಗೆ ಊಟ ನಿಜವಾಗಿಯೂ ಹಿಡಿಸಿತ್ತು, ಹೇಳುವ ಧೈರ್ಯವಿರಲಿಲ್ಲ.

ಕಾರಿನತ್ತ ನಡೆಯುವಾಗ ಬೀಗಿತಿಯರು ಕೈ ಕೈ ಹಿಡಿದಿದ್ದರು. ಡೊರೀನ್‌ಗೆ ಆಗಲೇ ಕೊಂಕಣಿಯ ಮೂರು ಕೆಟ್ಟ ಬೈಗುಳ ಬಾಯಿಪಾಠವಾಗಿದ್ದವು. ಅವನ್ನು ಯಾರ ಮೇಲೆ ಪ್ರಯೋಗಿಸಲಿ ಎಂದು ಮಗನನ್ನು ಕೇಳುತ್ತಿದ್ದರು.