ಹೊನ್ನಾಂಬೆಯ ಮಗ

ಮಹಾಬಳೇಶ್ವರರು ರಾಜರಾಣಿಯರ ಚರಿತ್ರೆ, ಐತಿಹಾಸಿಕ ಕಾದಂಬರಿಗಳನ್ನು ಬರೆದು ಹೆಸರಾದವರು. ದಾಂಡೇಲಿಯ ಚಿಕ್ಕ ಮನೆಯಲ್ಲಿ ಕೂತು ಅವರು ಬರೆದದ್ದನ್ನೆಲ್ಲ ಮೊದಲು ಓದುತ್ತಿದ್ದವಳು ಹೆಂಡತಿ ಶಾಂತಾದೇವಿ.

ಮಗ ದುಂಡೇಶ ಹೋದ ಮೇಲೆ ಅವರು ಪೆನ್ನು ಮುಟ್ಟಿರಲಿಲ್ಲ. ಗಣೇಶಗುಡಿಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕರೆದೊಯ್ಯುತ್ತಿದ್ದ ಹುಡುಗ ಕಾಳಿ ಹೊಳೆಯಲ್ಲೇ ಮುಳುಗಿದ. ಆ ದಿನ ಮಹಾಬಳೇಶ್ವರರು ಧಾರವಾಡದಲ್ಲಿ ಸನ್ಮಾನಕ್ಕೆ ಹೋಗಿದ್ದರು. ದಂಡೆಯ ಮೇಲೆ ಕಾದವಳು ಶಾಂತಾದೇವಿ ಒಬ್ಬಳೇ. ಅಲ್ಲಿ ಏನಾಯಿತೆಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಂದು ಮಳೆಗಾಲದಲ್ಲಿ ಅವರು ಮತ್ತೆ ಬರೆಯಲು ಕೂತಾಗ ಅವಳಿಗೆ ಸಮಾಧಾನವೆನಿಸಿತ್ತು. ಇದೇ ಹೊಳೆಯ ಸೀಮೆಯನ್ನು ಹಿಂದೆ ಆಳಿದ ಹೊನ್ನಾಂಬೆ ಎಂಬ ರಾಣಿಯ ಕಥೆ. ಅವಳ ಬಗ್ಗೆ ಉಳಿದದ್ದು ಒಂದೇ ಶಾಸನ: ಮಗ ಹೊಳೆಪಾಲಾದನೆಂದು, ಅವನ ಹೆಸರಿನಲ್ಲಿ ನಂದಾದೀಪಕ್ಕೆ ಹೊಲ ಬಿಟ್ಟಳೆಂದು.

ಕೊನೆಯ ಅಧ್ಯಾಯದಲ್ಲಿ ಶಾಂತಾದೇವಿಯ ಓದು ನಿಂತಿತು. ರಾಜಕುಮಾರ ಸತ್ತಿರಲಿಲ್ಲ. ಅಂಬಿಗರು ಎತ್ತಿ ತಂದಿದ್ದರು, ಅವನು ಕಣ್ಣು ಬಿಟ್ಟು ‘ಅವ್ವಾ’ ಎಂದಿದ್ದ.

“ಇದೇನ್ರಿ, ಹುಡುಗ ಬದುಕ್ಯಾನಲ್ಲ?”

“ಕಾದಂಬರಿ ಅದು, ಶಾಂತಾ. ಅಷ್ಟು ಮಾಡಾಕ ಬರ್ತೈತಿ.”

“ಶಾಸನ ಬಿಟ್ಟು ಒಂದ ಹೆಜ್ಜಿ ಆಚೆ ಇಡದವ್ರು ನೀವು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲ್ಯಾದ್ರೂ ಒಬ್ಬ ಮ್ಯಾಲ ಬರ್ಲಿ ಬಿಡು.”

ಶಾಂತಾದೇವಿಗೆ ಅಳು ಬರಲಿಲ್ಲ, ಸಿಟ್ಟು ಬಂತು. “ಆಕಿದು ಅಂತ ಉಳದಿದ್ದು ಆ ದುಃಖ ಒಂದ. ಅದನ್ನೂ ಅಳಿಸಿಬಿಟ್ರ ಆಕಿ ಯಾಕ ದೀಪ ಹಚ್ಚಬೇಕಿತ್ರಿ? ಆಕಿ ಅತ್ತದ್ದೆಲ್ಲಾ ಸುಳ್ಳಾತಲ್ಲ!”

ಮಹಾಬಳೇಶ್ವರರು ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ಅವಳ ಮುಖ ನೋಡದೆ ಕೇಳಿದರು: “ಅವತ್ತ ಏನಾತು? ಹೇಳು.”

ಅವಳು ಹೇಳಿದಳು. ನೀರಿನಿಂದ ಒಂದೊಂದು ತಲೆ ಮೇಲೆದ್ದಾಗಲೂ ತಾನು ಎದ್ದು ನಿಂತದ್ದು, ಪ್ರತಿಸಲವೂ ಅದು ಹುಡುಕಲು ಇಳಿದವರ ತಲೆಯೇ ಆಗಿದ್ದದ್ದು. ಯಾರೋ ಚಹಾ ತಂದುಕೊಟ್ಟಾಗ ಕುಡಿದುಬಿಟ್ಟದ್ದು. “ಹೆಂಗ ಕುಡದೆ ನಾ? ಮಗ ನೀರಾಗಿದ್ದ, ನಾ ಚಾ ಕುಡದೇನ್ರಿ.” ಸಂಜೆ ಅವನನ್ನು ತಂದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದನ್ನು ತಾನು ಕಲ್ಲುಗಳ ನಡುವೆ ಹುಡುಕುತ್ತ ತಿರುಗಿದ್ದು.

ಮಹಾಬಳೇಶ್ವರರು ಆ ಅಧ್ಯಾಯವನ್ನು ಹರಿದುಹಾಕಿ ಮತ್ತೆ ಬರೆದರು. ಈ ಸಲ ರಾಜಕುಮಾರ ಬರಲಿಲ್ಲ. ರಾಣಿ ದಂಡೆಯ ಮೇಲೆ ಕಾಯುತ್ತಲೇ ಇದ್ದಳು, ನೀರಿನಿಂದ ಒಂದೊಂದು ತಲೆ ಮೇಲೆದ್ದಾಗಲೂ ಎದ್ದು ನಿಂತಳು.

ಪುಸ್ತಕ ಬಂದ ಮೇಲೆ ಸಭೆಗಳಿಗೆ ಕರೆ ಬಂತು. ಅವರು ಯಾವುದಕ್ಕೂ ಹೋಗಲಿಲ್ಲ, ಮುಂದೆ ಬರೆಯಲೂ ಇಲ್ಲ. ಹೇಳಿಕೊಂಡರೆ ಹಗುರಾದೀತೆಂದು ಶಾಂತಾದೇವಿ ನಂಬಿದ್ದಳು. ಹಗುರಾಗಲಿಲ್ಲ. ಮೊದಲು ಅವಳೊಬ್ಬಳೇ ನಿದ್ದೆಗೆಟ್ಟು ಮಲಗುತ್ತಿದ್ದಳು, ಈಗ ಇಬ್ಬರೂ.

ಚಳಿಗಾಲದಲ್ಲಿ ಒಮ್ಮೆ ಸಂತೆಯಲ್ಲಿ ಪರಿಚಯದ ಹೆಣ್ಣುಮಗಳೊಬ್ಬಳು ಅವಳ ಕೈ ಹಿಡಿದುಕೊಂಡಳು. “ಆ ಹೊಳಿ ದಂಡಿ ಅಧ್ಯಾಯ ಓದಿ ಅತ್ತಬಿಟ್ಟೆ ನೋಡ್ರಿ. ಸರ್ ಅವ್ರಿಗೆ ಇಂಥಾವೆಲ್ಲ ಹೆಂಗ ಹೊಳಿತಾವ್ರಿ?”

“ನಂಗ ಗೊತ್ತಿಲ್ರಿ,” ಎಂದಳು ಶಾಂತಾದೇವಿ. ಕೈ ಬಿಡಿಸಿಕೊಂಡು ಬದನೆಕಾಯಿ ಆರಿಸತೊಡಗಿದಳು. ಯಾವುದು ಹುಳುಕು, ಯಾವುದು ಒಳ್ಳೆಯದು ಎಂದು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ.