ಬಾಯಿ ಮುಂದ, ಮಾತ ಹಿಂದ

ನಮ್ಮ ಅಣ್ಣ ನಿಲೇಶದಾದಾ ಕೊಲ್ಹಾಪುರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟುಹೋದ ಚಿಕ್ಕ ಕಂಪ್ಯೂಟರೊಂದನ್ನು ಇಚಲಕರಂಜಿಯ ನಮ್ಮ ಮನೆಗೆ ತಂದ. ಟಿವಿಗೆ ಜೋಡಿಸಿ, ಎರಡು ಬದಿಗೆ ಎರಡು ಸ್ಪೀಕರ್ ಇಟ್ಟು, ಇದು ಹೋಮ್ ಥಿಯೇಟರ್ ಅಂದ. ನಾನು, ಅವನ ತಂಗಿ ಸಾಕ್ಷಿ, ಗಡಹಿಂಗ್ಲಜದ ಹಾಸ್ಟೆಲಿನಿಂದ ಎರಡು ದಿನದ ಸೂಟಿಗೆ ಬಂದಿದ್ದೆ.

ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂಬುದು ಮಾತ್ರ ಬಾಕಿಯಿತ್ತು. ದಾದಾ ಎರಡು ಪೆನ್‌ಡ್ರೈವ್ ತಂದಿದ್ದ. ಒಂದರಲ್ಲಿ ಆಫೀಸುಗಳಲ್ಲಿ ಇರುವಂಥದ್ದು. ಇನ್ನೊಂದರಲ್ಲಿ ಲಿನಕ್ಸಿನ ಒಂದು ಪುಟ್ಟ ಬಗೆ. ಸಿನಿಮಾ ತೋರಿಸುವುದು, ಹಾಡು ಹಾಡಿಸುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಗೊತ್ತಿಲ್ಲ. ದಾದಾನ ಮನಸ್ಸು ಮೊದಲನೆಯದರ ಮೇಲಿತ್ತು. ಅದರಲ್ಲಿ ಗೇಮ್ ಆಡಬಹುದು.

ಆದರೆ ಇದೆಲ್ಲ ಹೂಡಿದ್ದು ಅವ್ವನಿಗಾಗಿ. ಅವ್ವ ತಂಗೆವ್ವ ಇಪ್ಪತ್ತಾರು ವರ್ಷ ಮಾಗದ, ಅಂದರೆ ಯಂತ್ರದ ಮಗ್ಗದ, ಶೆಡ್ಡಿನಲ್ಲಿ ನೂಲಿನ ಉರುಳೆ, ಕಾಂಡಿ ಸುತ್ತಿದವಳು. ಅಪ್ಪ ಸಾತಪ್ಪ ಇಂದಿಗೂ ಅಲ್ಲೇ ಮಾಗ ನಡೆಸುತ್ತಾನೆ. ಆ ಸದ್ದಿನಲ್ಲಿ ಅವ್ವನ ಕಿವಿ ಅರ್ಧ ಹೋಗಿದೆ. ಶೆಡ್ಡಿನಲ್ಲಿ ಯಾರೂ ಧ್ವನಿ ಎತ್ತುವುದಿಲ್ಲ, ಎತ್ತಿದರೂ ಕೇಳಿಸುವುದಿಲ್ಲ. ಬಾಯಿ ದೊಡ್ಡದಾಗಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಮನೆಯಲ್ಲೂ ಅವ್ವ ಅರ್ಧ ಕಿವಿಯಿಂದ, ಅರ್ಧ ಕಣ್ಣಿನಿಂದ ಕೇಳುತ್ತಾಳೆ. ಸೋಲುವುದು ಟಿವಿ ಮುಂದೆ ಮಾತ್ರ. "ಏನಂದ?" ಎಂದು ಕೇಳುತ್ತಾಳೆ, ನಾವು "ಏನಿಲ್ಲ ಬಿಡು" ಅನ್ನುತ್ತೇವೆ. ಬಿಡಿಸಿ ಹೇಳುವ ತಾಳ್ಮೆ ಮನೆಯಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ಯಾರನ್ನೂ ಕೇಳದೆ ಒಂದು ಸಿನಿಮಾ ಪೂರ್ತಿ ನೋಡಬೇಕೆಂಬುದು ಅವಳ ಆಸೆ. ಅದನ್ನು ಮಾಡಿ ತೋರಿಸುತ್ತೇನೆಂದು ದಾದಾ ಮಾತು ಕೊಟ್ಟಿದ್ದ.

ಮೊದಲು ಆಫೀಸಿನ ಸಿಸ್ಟಮ್ ಹಾಕಿ ಒಂದು ಹೊಡೆದಾಟದ ಸಿನಿಮಾ ಹಚ್ಚಿದ. ಅವ್ವ ಹತ್ತು ನಿಮಿಷ ನೋಡಿದಳು.

"ಬಾಯಿ ಒಂದ, ಮಾತ ಒಂದ," ಅಂದಳು.

"ಆವಾಜ ಹಿಂದ ಬೀಳಾಕತ್ತೈತಿ," ಎಂದು ದಾದಾ ಸೆಟ್ಟಿಂಗ್ ಹಿಂದೆ ಮುಂದೆ ಮಾಡಿದ. ಅವ್ವ ತಲೆ ಅಲ್ಲಾಡಿಸಿದಳು. ಪೆನ್‌ಡ್ರೈವ್ ಬದಲಿಸಿ ಲಿನಕ್ಸ್ ಹಾಕಿದ. ಅದೇ ಸಿನಿಮಾ, ಅದೇ ದೂರು.

"ಲೇ ನಿಲ್ಯಾ," ಅಂದ ಅಪ್ಪ, "ಆಫೀಸಿನವರು ಬ್ಯಾಡಂತ ಒಗದ ಡಬ್ಬಿ ನಮ್ಮ ಮನಿಗಿ ಯಾಕ ತಂದೀಯೋ?"

"ಅಪ್ಪಾ, ನೀ ಸುಮ್ಮ ಚಾ ಕುಡಿ." ದಾದಾ ಕೇಬಲ್ ಬಿಚ್ಚತೊಡಗಿದ. ಕಂಪ್ಯೂಟರೇ ಸರಿಯಿಲ್ಲ, ನಾಳೆ ವಾಪಸ್ ಒಯ್ಯುತ್ತೇನೆ ಅಂದ.

ಅವ್ವನ ಮುಖ ಸಣ್ಣದಾಯಿತು. ನಾನು ಎದುರಿಗೆ ಕೂತು ಬಾಯಿ ಅಗಲಿಸಿ ಕೇಳಿದೆ: "ಸಿನಿಮಾದಾಗ ಆ ಹೀರೋ ಬಾಯಾಗ ಏನ ಅಂತಾನ?"

"ಯಾರಿಗೊತ್ತ, ಸಾಕ್ಷಿ? ಅದು ಕನ್ನಡ ಅಲ್ಲ, ಮರಾಠೀನೂ ಅಲ್ಲ. ಶೆಡ್ಡಿನ್ಯಾಗ ತೆಲುಗು ಮಂದಿ ಇದ್ರಲಾ, ಅವರ ಬಾಯಿ ಇದ್ದಂಗ ಐತಿ."

ಸಿನಿಮಾ ತೆಲುಗಿನದು. ಕನ್ನಡಕ್ಕೆ ಡಬ್ ಮಾಡಿದ್ದು. ಎರಡು ತಾಸು ದಾದಾ ಸುಮ್ಮನೆ ಯಂತ್ರಕ್ಕೆ ಬೈದಿದ್ದ. ಈಗ ತನಗೆ ತಾನೇ ನಕ್ಕು ಮತ್ತೆ ಕೇಬಲ್ ಜೋಡಿಸಲು ಟಿವಿ ಹಿಂದೆ ಹೊಕ್ಕ. ಅಲ್ಲಿಂದಲೇ ಕೂಗಿದ: "ಅಪ್ಪಾ, ನಿನ್ನ ಬಾಯಿ ಡಬ್ಬಿಂಗ್ ಅಲ್ಲಲಾ. ಮೊಬೈಲ್ ತೊಗೊಂಡು ಹೊರಗ ಹೋಗಿ ನಿನ್ನ ವಿಡಿಯೋ ನೀನ ತಗಿ. ಅವ್ವಗ ಏನರ ಎರಡ ಮಾತ ಹೇಳು."

ಅಪ್ಪ ಅಂಗಳಕ್ಕೆ ಹೋಗಿ ಬಂದ. ದಾದಾ ಆ ವಿಡಿಯೋವನ್ನು ಲಿನಕ್ಸಿನಲ್ಲಿ ಹಚ್ಚಿದ. ಪರದೆಯ ಮೇಲೆ ಅಪ್ಪ ಬಾಯಿ ತೆರೆದು ಮುಚ್ಚುತ್ತಿದ್ದ. ಸ್ಪೀಕರಿನಿಂದ ಕಾಗೆ ಕೂಗಿದ್ದು ಬಿಟ್ಟರೆ ಬೇರೇನೂ ಇಲ್ಲ.

"ಇದರಾಗ ಆವಾಜನ ಇಲ್ಲ!" ದಾದಾ ಸಿಸ್ಟಮ್ ಬದಲಿಸಿದ. ಅದರಲ್ಲೂ ಕಾಗೆ ಮಾತ್ರ.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ನಿಲ್ಯಾಗ ಕೆಲಸ ಬರೂದಿಲ್ಲ, ಬರೇ ಬಡಿವಾರ ಮಾಡ್ತಾನ ಅನ್ನಾಕತ್ತಾರ ನಿಮ್ಮಪ್ಪ."

"ಅಪ್ಪಾ, ನೀ ಆವಾಜನ ಮಾಡಿಲ್ಲೇನು?"

"ನಿಮ್ಮವ್ವಗ ಹೇಳಾಕ ಆವಾಜ ಯಾಕ ಬೇಕೋ?" ಅಂದ ಅಪ್ಪ. ತಪ್ಪು ಮಾಡಿದವನ ಧಾಟಿ ಅದರಲ್ಲಿ ಇರಲಿಲ್ಲ.

ಈ ಸಲ ನಾನೇ ಎದುರು ನಿಂತು, ಅಪ್ಪನನ್ನು ಗಟ್ಟಿಯಾಗಿ ಮಾತಾಡಿಸಿ ವಿಡಿಯೋ ತೆಗೆದೆ. ಆಫೀಸಿನ ಸಿಸ್ಟಮಿನಲ್ಲಿ ನೋಡಿದ ಅವ್ವ ಹುಬ್ಬು ಗಂಟಿಕ್ಕಿದಳು. "ಬಾಯಿ ಮುಂದ, ಮಾತ ಹಿಂದ."

ನಮಗೆ ಮೂವರಿಗೂ ಏನೂ ಕಾಣಲಿಲ್ಲ. ದಾದಾ ವಿಡಿಯೋವನ್ನು ನಿಧಾನ ಮಾಡಿ ತಾಳೆ ನೋಡಿದ. ಹೌದು, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ, ಆದರೆ ಅಂತರ ಇತ್ತು. ನಮ್ಮ ಹಳೆಯ ಯಂತ್ರಕ್ಕೂ ಆ ಸಿಸ್ಟಮಿಗೂ ಅಷ್ಟು ಹೊಂದಿಕೆಯಿರಲಿಲ್ಲ. "ಕಣ್ಣೊಂದು ಹೇಳ್ತೈತಿ, ಕಿವಿ ಒಂದು ಹೇಳ್ತೈತಿ. ಯಾರ ಮಾತ ನಂಬಲಿ?" ಅಂದಳು ಅವ್ವ.

ಲಿನಕ್ಸ್ ಹಾಕಿದ. ಪರದೆಯ ಮೇಲೆ ಅಪ್ಪ ಹೇಳುತ್ತಿದ್ದ: "ತಂಗೆವ್ವಾ, ಬರೂ ಸೂಟಿಗೆ ಕುರುಂದವಾಡಕ್ಕ ಹೋಗೂನು. ನಿಮ್ಮಕ್ಕ ಚೆನ್ನವ್ವನ ಮನಿಗಿ."

"ಹೋಗೂದಾದ್ರ ಬಸ್ಸಿಗೆ ಹೋಗೂನ್ರಿ. ನಿಮ್ಮ ಗಾಡಿ ಮ್ಯಾಲ ನಾ ಕೂಡೂದಿಲ್ಲ," ಎಂದಳು ಅವ್ವ. ಪಕ್ಕದಲ್ಲಿ ಕೂತ ಅಪ್ಪನಿಗಲ್ಲ, ಟಿವಿಗೆ.

ದಾದಾನಿಗೆ ಅಷ್ಟು ಸಾಕಾಯಿತು. ಗೇಮಿನ ಪೆನ್‌ಡ್ರೈವನ್ನು ಜೇಬಿಗೆ ಹಾಕಿ ಲಿನಕ್ಸನ್ನೇ ಕಂಪ್ಯೂಟರಿಗೆ ಏರಿಸಿದ. ಅರ್ಧ ತಾಸೂ ಹಿಡಿಯಲಿಲ್ಲ.

ಊಟವಾದ ಮೇಲೆ ಕನ್ನಡದಲ್ಲೇ ತೆಗೆದ ಒಂದು ಸಂಸಾರದ ಸಿನಿಮಾ ಹಚ್ಚಿದೆವು. ಅವ್ವ ಗೋಡೆಗೆ ಒರಗಿ ಕೂತಳು. ನಟರು ಬೆನ್ನು ತಿರುಗಿಸಿದಾಗ ಅವಳಿಗೆ ಕೆಲವು ಮಾತು ತಪ್ಪಿರಬೇಕು. ಮುಂದಿನ ಮಾತು ನೋಡಿ ಹೊಂದಿಸಿಕೊಂಡಳು, ಕೇಳಲಿಲ್ಲ. ನಡುವೆ ಅಪ್ಪ ಏನೋ ಹೇಳಲು ಹೋದ. ಅಡ್ಡ ಬರಬೇಡಿ ಎಂದು ಕೈ ಮಾಡಿದಳು. ಎರಡೂವರೆ ತಾಸು ಹಾಗೇ ಕೂತಿದ್ದಳು.

"ಹೆಂಗಿತ್ತವ್ವಾ?" ಎಂದು ದಾದಾ ಕೇಳಿದ.

"ಭಾಳ ಎಳದಾರ. ಆ ಮಾವ ಖರೇ ಮಾತ ಮೊದಲನ ಹೇಳಿದ್ರ ಅರ್ಧಕ್ಕ ಮುಗೀತಿತ್ತು," ಅಂದಳು. ಕಾಲು ಚಾಚಿ ಮಂಡಿ ನೀವಿಕೊಂಡಳು. "ಇನ್ನೊಂದ ಹಚ್ಚು. ಚಲೋದು."