ಹರಾಜಿನ ತಾತನ ಹಲ್ಲು ಸ್ಕೂಲಿಗೆ ಹೋದ ದಿನ

ಹಲ್ಲುಸೆಟ್ಟು ಮಾಡುವವನು ಸಿಟ್ಟು ಬಂದರೆ ಮುಖ ತೊಳೆಯಲು ಹೋಗುತ್ತಿದ್ದ. ನಲ್ಲಿ ತಿರುಗಿಸಿ, ತಲೆ ಒಡ್ಡಿ, ಇಪ್ಪತ್ತರವರೆಗೆ ಎಣಿಸಿ, ಒದ್ದೆ ಕಾಗೆಯ ಹಾಗೆ ವಾಪಸ್ಸು ಬರುತ್ತಿದ್ದ. ಮಗಳು ಹುಟ್ಟಿ ಎಂಟು ವರ್ಷವಾಗಿತ್ತು; ಆ ಎಂಟು ವರ್ಷದಲ್ಲಿ ಅವನಷ್ಟು ಶುಚಿಯಾದ ಮುಖದ ಗಂಡಸು ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ಅವನ ಅಪ್ಪನ ದಾರಿಯೇ ಬೇರೆ. ಅವರಿಗೆ ಬಾಯಿಗಿಂತ ಕೈ ಮುಂದು. ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ ಒಂದೇಟು, ಯಾಕೆ ಬಿಟ್ಟೆ ಎಂದಾಗ ಉತ್ತರ ಕೊಟ್ಟರೆ ಒಂದೇಟು, ಕೊಡದಿದ್ದರೆ ಎರಡು. ಹನ್ನೊಂದನೇ ವಯಸ್ಸಿನಲ್ಲಿ ಇವನ ಮುಂದಿನ ಹಲ್ಲೊಂದು ಹಾಗೇ ಹೋಗಿತ್ತು. "ಅದಕ್ಕೇ ಈ ಕಸುಬು ಹಿಡಿದ್ರಿ ಬಿಡಿ," ಎಂದು ಹೆಂಡತಿ ಛೇಡಿಸುತ್ತಿದ್ದಳು. ಹಾಗೇನೂ ಅಲ್ಲ. ಹದಿನಾರಕ್ಕೆ ಮನೆ ಬಿಟ್ಟು ಓಡಿದಾಗ, ಬಸ್ಸಿಳಿದ ಕಡೆ 'ಕೆಲಸಕ್ಕೆ ಜನ ಬೇಕು' ಎಂಬ ಬೋರ್ಡು ನೇತಾಡುತ್ತಿದ್ದದ್ದು ಹಲ್ಲಿನ ಅಂಗಡಿಯ ಮುಂದೆ. ಪಕ್ಕದ ಟೈರಿನವನು ಬೋರ್ಡು ಹಾಕಿದ್ದರೆ ಇಷ್ಟು ಹೊತ್ತಿಗೆ ಪಂಕ್ಚರ್ ಹಾಕಿಕೊಂಡಿರುತ್ತಿದ್ದ.

ಆ ದಿನ ಮಧ್ಯಾಹ್ನ ಹರಾಜಿನ ತಾತ ಬಂದರು. ಸಗಟು ಮಾರುಕಟ್ಟೆಯಲ್ಲಿ ನಲವತ್ತು ವರ್ಷದಿಂದ ತರಕಾರಿ ಹರಾಜು ಕೂಗುವ ಕಂಠ. ಬಿರುಕು ಬಿಟ್ಟ ಸೆಟ್ಟನ್ನು ಎರಡು ದಿನದ ಹಿಂದೆ ರಿಪೇರಿಗೆ ಕೊಟ್ಟಿದ್ದರು.

"ಫೆಟ್ಟು ಕೊಡಪ್ಪ ಬೇಗ," ಎಂದರು. "ಇವತ್ತು ಬೆಳಿಗ್ಗೆ 'ಒಂದು ಫಲ, ಎರಡು ಫಲ' ಅಂತ ಕೂಗಿದ್ರೆ, 'ಯಾವ ಫಲ ತಾತ, ಮಾವಾ ಬಾಳೆನಾ' ಅಂತ ನಗ್ತಾರೆ ಬಡ್ಡೀಮಕ್ಕಳು."

"ನಿನ್ನೇನೇ ರೆಡಿ ಮಾಡಿಟ್ಟಿದ್ದೀನಿ ತಾತ," ಎಂದು ಅವನು ಕಪಾಟಿಗೆ ಕೈ ಹಾಕಿದ. ಸೆಟ್ಟಿಟ್ಟಿದ್ದ ಡಬ್ಬಿ ಇರಲಿಲ್ಲ. ಮೇಜಿನ ಕೆಳಗೆ ನೋಡಿದ, ಡ್ರಾಯರು ಸುರಿದ, ಪ್ಲಾಸ್ಟರ್ ಚೀಲದೊಳಗೆ ಮೊಣಕೈವರೆಗೂ ಕೈಯಿಟ್ಟ. ಒಮ್ಮೆ ತಾತನ ಬಾಯಿಯನ್ನೂ ಅನುಮಾನದಿಂದ ನೋಡಿದ.

ಅಷ್ಟರಲ್ಲಿ ಮಗಳು ಸ್ಕೂಲಿನಿಂದ ಬಂದಳು. ಹೆಸರು ಉದ್ದದ್ದಿತ್ತು, ಪುಟ್ಟ ಮೈಕಟ್ಟು ನೋಡಿ ಎಲ್ಲರೂ ಕರೆಯುವುದು ಚಟಾಕು ಅಂತ.

"ಅಪ್ಪಾ, ಕ್ಲಾಸಿಗೆಲ್ಲ ನಂದೇ ಫಸ್ಟು! ಮನೇಲಿ ಕೈಯಾರೆ ಮಾಡಿದ ವಸ್ತು ತನ್ನಿ ಅಂದಿದ್ರು ಮಿಸ್ಸು. ಎಲ್ರೂ ಕರ್ಚೀಫು, ಬುಟ್ಟಿ ತಂದಿದ್ರು. ನಾನು ಹಲ್ಲು ತಗೊಂಡು ಹೋದೆ!"

ಅವನು ಅವಳ ಸ್ಕೂಲು ಬ್ಯಾಗಿನ ಕಡೆ ನೋಡಿದ.

"ಮೊದ್ಲು ಸೌತೆಕಾಯಿ ಕಚ್ಚಿಸಿ ತೋರಿಸ್ದೆ. ಆಮೇಲೆ ರಬ್ಬರು. ಆಮೇಲೆ ಸೀಮೆಸುಣ್ಣ, ಶಾಯಿ ಪೆನ್ನು. ಆಮೇಲೆ ಕಿಟಕಿ ಸರಳು ಕಚ್ಚಿಸೋಕೆ ಹೋದಾಗ..." ಚಟಾಕು ಡಬ್ಬಿ ತೆರೆದಳು. ಸೆಟ್ಟಿನ ಮೈತುಂಬ ನೀಲಿ ಶಾಯಿ. ಮುಂದಿನ ಹಲ್ಲೊಂದು ಮೂಲೆಯಲ್ಲಿ ಬೇರೆಯೇ ಬಿದ್ದಿತ್ತು. "ಇದು ಉದುರ್ತು."

ಅಂದು ನಲ್ಲಿಯವರೆಗೆ ಹೋಗಲು ಪುರುಸೊತ್ತೇ ಸಿಗಲಿಲ್ಲ. ಬಲಗೈ ತಾನಾಗಿ ಮೇಲೆದ್ದಿತು. ಬೆರಳು ಜೋಡಿಸಿ, ಹೆಬ್ಬೆರಳು ಚಾಚಿ, ಸರಿಯಾಗಿ ಅವನ ಕಿವಿಯ ಎತ್ತರಕ್ಕೆ ನಿಂತಿತು. ಆ ಕೈ ಯಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎತ್ತಿದವನೂ ಅವನೇ, ಹೆದರಿ ಕತ್ತು ಕುಗ್ಗಿಸಿದವನೂ ಅವನೇ.

ಚಟಾಕು ಕುಗ್ಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಓಡಿ ಬಂದು, ಎಗರಿ ಆ ಅಂಗೈಗೆ ಪಟ್ಟೆಂದು ತನ್ನ ಅಂಗೈ ಬಡಿದಳು.

"ಎಟುಕ್ತು! ಇನ್ನೊಂಚೂರು ಮೇಲೆತ್ತಪ್ಪಾ!"

ಅವನು ಪ್ಲಾಸ್ಟರ್ ಚೀಲದ ಮೇಲೆ ಧೊಪ್ಪನೆ ಕುಳಿತ. ಕೈ ತೊಡೆಯ ಮೇಲಿತ್ತು, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಎಂಟು ವರ್ಷದ ಮಗುವಿಗೆ ಎತ್ತಿದ ಕೈಯ ಅರ್ಥವೇ ಗೊತ್ತಿಲ್ಲ! ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದ. ಈ ಸಲ ಎಣಿಕೆ ಅರವತ್ತು ದಾಟಿತು.

ವಾಪಸ್ಸು ಬಂದು ಮಗಳನ್ನು ಎದುರಿಗೆ ಕೂರಿಸಿಕೊಂಡ. "ಈ ಹಲ್ಲು ಯಾರದು?"

"ನೀನು ಮಾಡಿದ್ದು."

"ಮಾಡಿದ್ದು ನಾನು. ಅದರಲ್ಲಿ ಊಟ ಮಾಡೋರು ತಾತ. ಕೇಳದೆ ಎತ್ಕೊಂಡು ಹೋದೆ, ಮುರ್ಕೊಂಡು ಬಂದೆ. ತಾತ ಎರಡು ದಿನದಿಂದ ಬರೀ ಗಂಜಿ ಕುಡೀತಿದ್ದಾರೆ."

ಚಟಾಕು ತಾತನ ಬಾಯಿ ನೋಡಿದಳು. "ಸಾರಿ ತಾತ."

"ಫಾರಿ ಯಾಕಮ್ಮ?" ಎಂದು ತಾತ ಬೊಚ್ಚುಬಾಯಿ ಅಗಲಿಸಿದರು. "ನಾನಂತೂ ಇಫ್ಕೂಲು ಕಂಡವನಲ್ಲ. ನನ್ನ ಹಲ್ಲಾದ್ರೂ ಹೋಗಿ ಬಂತಲ್ಲ!"

"ತಾತ, ನೀವು ನಗಿಸಬೇಡಿ. ನಾನು ಬುದ್ಧಿ ಹೇಳ್ತಿದ್ದೀನಿ," ಎಂದ ಅವನು, ತಾನೇ ನಗು ತಡೆಯುತ್ತ. ಮಗಳ ಕೈಗೆ ಹಳೆ ಬ್ರಶ್ಶು ಕೊಟ್ಟ. "ಶಾಯಿ ಪೂರ್ತಿ ಹೋಗೋವರೆಗೂ ಇವತ್ತು ಆಟ ಇಲ್ಲ."

ಹೊರಗೆ ಗೆಳತಿಯರು ಕೂಗಿದರು. ಚಟಾಕು ಮೂಗು ಸುರಿಸುತ್ತಲೇ ಕೂತು ಉಜ್ಜಿದಳು. ಅವನು ಉದುರಿದ ಹಲ್ಲನ್ನು ಕೂರಿಸಿ, ಅಂಟು ಗಟ್ಟಿಯಾದ ಮೇಲೆ ತಾತನ ಕೈಗಿತ್ತ. ತಾತ ಸೆಟ್ಟು ಹಾಕಿಕೊಂಡು, ಬಾಗಿಲಲ್ಲಿ ನಿಂತು, "ಒಂದು ಸಲ! ಎರಡು ಸಲ! ಮೂರು ಸಲ!" ಎಂದು ಕೂಗಿದ ರಭಸಕ್ಕೆ ಎದುರುಮನೆಯ ನಾಯಿ ಮಂಚದಡಿ ಹೊಕ್ಕಿತು.

ಅಂಗಡಿ ಮುಚ್ಚಿ ಮನೆಗೆ ನಡೆಯುವಾಗ ಅವನಿಗೆ ಸುಮ್ಮನಿರಲಾಗಲಿಲ್ಲ. ಅವನ ಅಪ್ಪ ಒಮ್ಮೆಯೂ ಆಡದ ಮಾತೊಂದನ್ನು ಅವನು ಆಡಬೇಕಿತ್ತು.

"ಚಟಾಕು, ಆಗ ನಾನು ಕೈ ಎತ್ತಿದ್ದು ಆಟಕ್ಕಲ್ಲ ಕಣೇ."

"ಮತ್ತೆ?"

"ಹೊಡೆಯೋಕೆ. ಹಾಗೆ ಎತ್ತಬಾರದಿತ್ತು. ತಪ್ಪಾಯ್ತು."

ಚಟಾಕು ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಾ?" ಎಂದು ಕಿಸಕ್ಕನೆ ನಕ್ಕಳು. "ನಿಂಗೆಲ್ಲಿ ಬರುತ್ತೆ ಬಿಡಪ್ಪ ಅದೆಲ್ಲ!"

ಬರುತ್ತದೆ ಎಂದು ವಾದಿಸಲು ಅವನಿಗೆ ಮನಸ್ಸಾಗಲಿಲ್ಲ. ಚಟಾಕು ಆಗಲೇ ಬೇರೆ ಪ್ರಶ್ನೆಗೆ ಹಾರಿದ್ದಳು: ತಾತ ಮಲಗುವಾಗ ಹಲ್ಲು ಎಲ್ಲಿ ಮಲಗುತ್ತದೆ, ನೀರಿನಲ್ಲಿಟ್ಟರೆ ಅದಕ್ಕೆ ಶೀತವಾಗುವುದಿಲ್ಲವೇ? ಅವನು ಯೋಚಿಸಿ ಯೋಚಿಸಿ ಉತ್ತರ ಹೇಳುತ್ತ ನಡೆದ.